ಪ್ರೆಸ್ಸಿಗೆ 28 ಕೋರಿನ ಹಳೇ ಸರ್ವರ್ ಬೇಕಾ, 6 ಕೋರಿನ ಹೊಸ ಡೆಸ್ಕ್‌ಟಾಪ್ ಸಾಕಾ?

ಪ್ರಶ್ನೆ (ಗದಗ, ಪ್ರಿಂಟಿಂಗ್ ಪ್ರೆಸ್):
ನಮಸ್ಕಾರ ಸರ್. ನಮ್ಮದು ಸಣ್ಣ ಆಫ್‌ಸೆಟ್ ಪ್ರೆಸ್. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಕೆಲಸ ಜಾಸ್ತಿ. ಡಿಟಿಪಿ ಮಾಡುವ ಮಷಿನ್ ಐ7-4770, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿನೂ ಹಾಕಿಸಿದ್ದೇನೆ. ದೊಡ್ಡ ಫೈಲ್ ತೆಗೆದರೆ ಕೋರೆಲ್‌ಡ್ರಾ ನಿಂತೇಬಿಡುತ್ತೆ. ವಿಚಿತ್ರ ಅಂದರೆ, ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬರೀ 14 ಪರ್ಸೆಂಟ್! ಹುಬ್ಬಳ್ಳಿಯ ಒಬ್ಬ ಡೀಲರ್ ಹಳೇ ಸರ್ವರ್ ಮಷಿನ್ ತೋರಿಸಿದ್ದಾರೆ. ಎರಡು ಝಿಯಾನ್ ಇ5-2680 ವಿ4 (ಇಂಟೆಲ್‌ನ ಸರ್ವರ್ ಪ್ರೊಸೆಸರ್), ಒಟ್ಟು 28 ಕೋರ್. ಅದೇ ದುಡ್ಡಿಗೆ ಹೊಸ ಐ5-12400 ಬರುತ್ತೆ, 6 ಕೋರ್. ಸರ್ವರ್ ಪ್ರೊಸೆಸರ್ ಅಂದಮೇಲೆ ಗಟ್ಟಿ ಇರಬೇಕಲ್ವಾ? 2 ಸಾವಿರ ಮುಂಗಡ ಕೊಟ್ಟು ಬಂದಿದ್ದೇನೆ.

ಉತ್ತರ (ಹುಬ್ಬಳ್ಳಿ, ಹಾರ್ಡ್‌ವೇರ್ ಸರ್ವಿಸ್):
ನಮಸ್ಕಾರ ರೀ. ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ, ಆ 14 ಪರ್ಸೆಂಟ್. ಕೋರ್ ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ, ಥ್ರೆಡ್ ಅಂದರೆ ಅದು ನಡೆಸುವ ಕೆಲಸದ ಸಾಲು. ಐ7-4770ರಲ್ಲಿ 4 ಕೋರ್, ಕೋರಿಗೆ ಎರಡರಂತೆ 8 ಥ್ರೆಡ್. 100ನ್ನು 8ರಿಂದ ಭಾಗಿಸಿ, 12.5 ಬರುತ್ತೆ. ಅಂದರೆ ಒಂದು ಥ್ರೆಡ್ ಬೆವರು ಸುರಿಸಿ ದುಡಿಯುತ್ತಿದೆ, ಉಳಿದ ಏಳು ಸುಮ್ನೆ ಕೂತಿವೆ. ಕೋರೆಲ್‌ಡ್ರಾದಂಥ ಸಾಫ್ಟ್‌ವೇರ್‌ನಲ್ಲಿ ಬಹಳಷ್ಟು ಕೆಲಸ ಹೀಗೆ ಒಂದೇ ಕೋರಿನ ತಲೆ ಮೇಲೆ ಬೀಳುತ್ತೆ. ಆ ಸರ್ವರ್ ತಂದರೆ ನಿಮಗೆ 56 ಥ್ರೆಡ್ ಸಿಗುತ್ತೆ. ಕೋರೆಲ್ ಆಗಲೂ ನಿಲ್ಲುತ್ತೆ, ಟಾಸ್ಕ್ ಮ್ಯಾನೇಜರ್ ಮಾತ್ರ 2 ಪರ್ಸೆಂಟ್ ತೋರಿಸುತ್ತೆ ಅಷ್ಟೇ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಹಳೇ ಐ7 ಒಂದು ಕೋರನ್ನು 3.9 ಗಿಗಾಹರ್ಟ್ಸ್ (ಕೋರಿನ ವೇಗದ ಅಳತೆ) ತನಕ ಓಡಿಸುತ್ತೆ. ಆ ಝಿಯಾನ್ ಎಷ್ಟು ಎಳೆದರೂ 3.3. ಝಿಯಾನ್ 2016ರದ್ದು, ಐ7 2013ರದ್ದು, ಆದರೂ ಒಳಗಿನ ಕೋರಿನಲ್ಲಿ ಅಂಥ ದೊಡ್ಡ ಸುಧಾರಣೆ ಏನಿಲ್ಲ. ನಿಮ್ಮ ಕೆಲಸಕ್ಕೆ ಹೊಸದಾಗಿ ತಂದ ಮಷಿನ್ ಈಗಿರುವುದಕ್ಕಿಂತ ನಿಧಾನ ಆಗಬಹುದು!

ನಿಮ್ಮ ಪ್ರೆಸ್ಸಿನ ಲೆಕ್ಕದಲ್ಲೇ ಹೇಳ್ತೀನಿ. ಸಾವಿರ ಹ್ಯಾಂಡ್‌ಬಿಲ್ ಮಡಚಲು ಹತ್ತು ಜನ ಕೂತರೆ ಬೇಗ ಮುಗಿಯುತ್ತೆ. ಒಂದು ಲಗ್ನಪತ್ರಿಕೆಯ ಪ್ರೂಫ್ ನೋಡಲು 28 ಜನ ಕೂತರೆ? ಇದನ್ನೇ ಜೀನ್ ಅಮ್ಡಾಲ್ ಎಂಬ ಕಂಪ್ಯೂಟರ್ ಎಂಜಿನಿಯರ್ 1967ರಲ್ಲೇ ಹೇಳಿದ್ದರು. ಒಂದು ಕೆಲಸದ ಅರ್ಧ ಭಾಗವನ್ನು ಹಂಚಲು ಬಾರದೇ ಇದ್ದರೆ, ನೀವು ಎಷ್ಟೇ ಕೋರ್ ಹಾಕಿ, ವೇಗ ಎರಡು ಪಟ್ಟು ದಾಟುವುದಿಲ್ಲ. ನಮ್ಮ ಹುಬ್ಬಳ್ಳಿ ಸ್ಟೇಷನ್ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆ ಅಂತ ರೈಲು ಬೇಗ ಬರುತ್ತೇನ್ರೀ?

ಐ5-12400 2022ರದ್ದು. 4.4 ಗಿಗಾಹರ್ಟ್ಸ್ ತನಕ ಹೋಗುತ್ತೆ, ಜೊತೆಗೆ ಒಂದೊಂದು ಗಿಗಾಹರ್ಟ್ಸ್‌ಗೂ ಹಳೇದಕ್ಕಿಂತ ಜಾಸ್ತಿ ಕೆಲಸ ತೆಗೆಯುತ್ತೆ. ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ.

ಅದೇ ವ್ಯಕ್ತಿ:
ಹಾಗಾದರೆ ಸರ್ವರ್ ಪ್ರೊಸೆಸರ್ ಅಂತ ಅಷ್ಟು ದುಡ್ಡು ಯಾಕೆ ಸರ್? ಅಷ್ಟು ನಿಧಾನ ಇದ್ದರೆ ಯಾರು ಕೊಳ್ತಾರೆ?

ಉತ್ತರ:
ನಿಧಾನ ಅಲ್ಲ, ಅದರ ಕೆಲಸ ಬೇರೆ. ಎಎಂಡಿ ಕಂಪನಿಯ ಎರಡು ಪ್ರೊಸೆಸರ್ ನೋಡಿ, ಎರಡೂ 2022ರವು, ಎರಡರಲ್ಲೂ ‘ಝೆನ್ 4’ ಎಂಬ ಒಂದೇ ವಿನ್ಯಾಸದ ಕೋರ್. ಡೆಸ್ಕ್‌ಟಾಪಿನ ರೈಝೆನ್ 9 7950ಎಕ್ಸ್‌ನಲ್ಲಿ 16 ಕೋರ್, 170 ವ್ಯಾಟ್. ಸರ್ವರಿನ ಎಪಿಕ್ 9654ರಲ್ಲಿ 96 ಕೋರ್, 360 ವ್ಯಾಟ್. ಹಂಚಿ ನೋಡಿ. ಅಲ್ಲಿ ಒಂದು ಕೋರಿಗೆ ಹತ್ತು ವ್ಯಾಟಿಗಿಂತ ಜಾಸ್ತಿ, ಇಲ್ಲಿ ನಾಲ್ಕು ವ್ಯಾಟೂ ಇಲ್ಲ. ಅದಕ್ಕೇ ರೈಝೆನ್ 5.7 ಗಿಗಾಹರ್ಟ್ಸ್ ತನಕ ಜಿಗಿಯುತ್ತೆ, ಎಪಿಕ್ 3.7ಕ್ಕೆ ನಿಲ್ಲುತ್ತೆ. ಆದರೆ ಒಂದೇ ಹೊತ್ತಿಗೆ ಸಾವಿರಾರು ಜನ ವೆಬ್‌ಸೈಟ್ ತೆಗೆದಾಗ ಅವರಿಗೆಲ್ಲ ಉತ್ತರ ಕೊಡಲು 96 ಕೋರೇ ಬೇಕು.

ಗಟ್ಟಿ ಅಂದಿರಲ್ಲ, ಅದು ನಿಜ. ಸರ್ವರ್ ಮಷಿನಿಗೆ ಇಸಿಸಿ ರ‍್ಯಾಮ್ ಹಾಕುತ್ತಾರೆ. ನೆನಪಿನಲ್ಲಿ ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುತ್ತೆ. ಹಗಲು ರಾತ್ರಿ ನಡೆಯುವ ಮಷಿನಿಗೆ ಅದು ದೊಡ್ಡ ಮಾತು. ರಾತ್ರಿ ಬಾಗಿಲು ಹಾಕುವ ಪ್ರೆಸ್ಸಿಗೆ ಅಲ್ಲ.

ಪ್ರಶ್ನೆ (ಬ್ಯಾಡಗಿ, ಮೆಣಸಿನಕಾಯಿ ದಲಾಲಿ ಅಂಗಡಿ):
ಅಣ್ಣಾ, ಐದು ಜನ ಟ್ಯಾಲಿ ಹಾಕ್ತೀವಿ. ನಮಗೆ?

ಉತ್ತರ:
ಡೆಸ್ಕ್‌ಟಾಪ್ ಸಾಕು. ಉಳಿದ ದುಡ್ಡಲ್ಲಿ ಒಳ್ಳೇ ಯುಪಿಎಸ್, ಬ್ಯಾಕಪ್‌ಗೆ ಬೇರೆ ಡಿಸ್ಕ್.

ಪ್ರಶ್ನೆ (ಧಾರವಾಡ, ಕಾಲೇಜು ಲ್ಯಾಬ್):
ಸರ್, ನಮ್ಮಲ್ಲಿ ಒಂದೇ ಮಷಿನಿನಲ್ಲಿ 20 ವಿದ್ಯಾರ್ಥಿಗಳಿಗೆ ವರ್ಚುವಲ್ ಮಷಿನ್ (ಒಂದೇ ಮಷಿನಿನೊಳಗೆ ಬೇರೆ ಬೇರೆಯಾಗಿ ನಡೆಯುವ ಕಂಪ್ಯೂಟರ್) ಕೊಡಬೇಕು. ಆ ಝಿಯಾನ್ ನಮಗಾದರೂ ಆಗುತ್ತಾ?

ಉತ್ತರ:
ಆಗುತ್ತೆ ಮೇಡಂ, ಅದು ನಿಮ್ಮಂಥವರಿಗೇ ಮಾಡಿದ್ದು. ಒಂದೊಂದು ಝಿಯಾನ್‌ಗೂ ನಾಲ್ಕು ರ‍್ಯಾಮ್ ಚಾನೆಲ್ (ಪ್ರೊಸೆಸರಿಗೂ ನೆನಪಿಗೂ ನಡುವಿನ ದಾರಿ), 40 ಪಿಸಿಐಇ ಲೇನ್ (ಡಿಸ್ಕ್, ಕಾರ್ಡ್‌ಗಳಿಗೆ ಹೋಗುವ ದಾರಿ). 12400ಕ್ಕೆ ಎರಡೇ ಚಾನೆಲ್. ಇಪ್ಪತ್ತು ಜನ ಹಂಚಿಕೊಂಡಾಗ ಈ ವ್ಯತ್ಯಾಸ ಕಾಣಿಸುತ್ತೆ. ಕೊಳ್ಳುವ ಮುಂಚೆ ಮೂರು ವಿಷಯ ತಿಳಿದಿರಲಿ. ಇಂಥ ಮಷಿನಿಗೆ ಸಾಮಾನ್ಯವಾಗಿ ಹಾಕುವ ರಿಜಿಸ್ಟರ್ಡ್ ರ‍್ಯಾಮ್ ನಾಳೆ ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಕೆಲಸ ಮಾಡುವುದಿಲ್ಲ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಝಿಯಾನ್ ಇಲ್ಲ, ಹಾಗಾಗಿ ಲಿನಕ್ಸ್ ಹಾಕಿ. ಕರೆಂಟ್ ಬಿಲ್ ಕೂಡ ಲೆಕ್ಕ ಹಾಕಿ. ಒಂದೊಂದು ಪ್ರೊಸೆಸರ್ 120 ವ್ಯಾಟಿನದ್ದು. 100 ವ್ಯಾಟ್ ಹೆಚ್ಚಿಗೆ ಎಳೆದರೂ ದಿನಕ್ಕೆ 10 ತಾಸಿಗೆ ಒಂದು ಯೂನಿಟ್. ಫ್ಯಾನ್ ಸದ್ದು ಬೇರೆ, ಪಾಠ ಮಾಡುವ ಕೋಣೆಯಲ್ಲಂತೂ ಇಡಬೇಡಿ.

ಇದನ್ನೆಲ್ಲ ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ಕೋರ್ ಎಣಿಸಿ ನಾನೇ ಒಬ್ಬ ಫೋಟೋ ಸ್ಟುಡಿಯೋದವರಿಗೆ ಇಂಥದ್ದೇ ಎರಡು ಪ್ರೊಸೆಸರ್ ಮಷಿನ್ ಕೊಡಿಸಿದ್ದೆ. ವಾರದೊಳಗೆ ಅವರು ಹಳೇ ಮಷಿನಿಗೆ ವಾಪಸ್ ಹೋದರು. ಈಗ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆ) ತೆಗೆದರೆ ಮೊದಲು ಸಿಂಗಲ್ ಕೋರ್ ಸ್ಕೋರ್ ನೋಡ್ತೀನಿ, ಆಮೇಲೆ ಮಲ್ಟಿ ಕೋರ್.

ಗದಗದ ಪ್ರೆಸ್ಸಿನವರು:
ಸರ್, ಡೀಲರ್‌ಗೆ ಫೋನ್ ಮಾಡಿದೆ. ಮುಂಗಡ ವಾಪಸ್ ಇಲ್ಲ, ಬೇರೆ ಮಾಲು ತಗೊಳ್ಳಿ ಅಂದರು.

ಉತ್ತರ:
ಒಳ್ಳೇದಾಯ್ತು. ಐ5-12400 ಅವರಲ್ಲೇ ಕೇಳಿ. ಕೊನೆಗೆ ಎಫ್ ಅಕ್ಷರ ಇರುವುದು ಬೇಡ, ಅದರಲ್ಲಿ ಗ್ರಾಫಿಕ್ಸ್ ಇರಲ್ಲ, ಬೇರೆ ಕಾರ್ಡ್ ಹಾಕಬೇಕಾಗುತ್ತೆ. ದುಡ್ಡು ಕೊಡುವ ಮುಂಚೆ ನಿಮ್ಮ ಆ ದೊಡ್ಡ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಅಲ್ಲೇ ತೆಗೆದು ನೋಡಿ.