ಶಿವಗಂಗೆ ಹತ್ತೋಕೆ ಮುಂಚೆ ಮಳೆ ಹೇಗೆ ನೋಡ್ಕೋತೀರಿ?

ಈ ಭಾನುವಾರ ಅಮ್ಮ (62 ವರ್ಷ) ಮತ್ತು ಮೂರನೇ ಕ್ಲಾಸಿನ ಮಗನ್ನ ಕರ್ಕೊಂಡು ಶಿವಗಂಗೆ ಬೆಟ್ಟ ಹತ್ತೋಣ ಅಂತಿದೀನಿ. ಮೊಬೈಲಲ್ಲಿ 40% ಮಳೆ ಅಂತಿದೆ. ಏಪ್ರಿಲ್ ಕೊನೆ, ಈ ಸುಡು ಬಿಸಿಲಲ್ಲಿ ಮಳೆ ಲಕ್ಷಣವೇ ಕಾಣ್ತಿಲ್ಲ. ಹೋಗಬಹುದಾ? ಹೋಗಿ ಬಂದವರು ಹೇಳಿ.

ಬೆಂಗಳೂರಿನಿಂದ:
ಆ 40% ಯಾವ ಊರಿಂದು ನೋಡಿದ್ರಾ? ನನ್ನ ಫೋನು ಬೆಂಗಳೂರಿಂದೇ ತೋರಿಸ್ತಿತ್ತು, ಬೆಟ್ಟ ಇರೋದು ಐವತ್ತು ಕಿಲೋಮೀಟರ್ ಆಚೆ. ದಾಬಸ್‌ಪೇಟೆ (ಬೆಟ್ಟದ ಹತ್ರದ ಊರು) ಅಂತ ಹಾಕಿ, ಗಂಟೆವಾರು ತೆಗೀರಿ. ಬೆಳಗ್ಗೆ 6ರಿಂದ 11ರವರೆಗೆ 5%, ಸಂಜೆ 4ಕ್ಕೆ 40% ಇದ್ರೆ ಧೈರ್ಯವಾಗಿ ಹೋಗಿ. ನಮ್ಮ ಕಡೆ ಏಪ್ರಿಲ್-ಮೇ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲಿಂದು. ನೆಲ ಕಾದು, ಬಿಸಿ ಗಾಳಿ ಮೇಲೆದ್ದು ಮೋಡ ಕಟ್ಟೋಕೆ ಅಷ್ಟು ಹೊತ್ತು ಬೇಕಲ್ಲ. ಸುಡು ಬಿಸಿಲು ಅಂದ್ರಲ್ಲ, ಅದೇ ಲಕ್ಷಣ!

ತಪ್ಪು ಮಾಡಿದವನ ಕಡೆಯಿಂದ:
ಎರಡು ವರ್ಷದ ಹಿಂದೆ ನಾನೂ ಮೇ ತಿಂಗಳಲ್ಲಿ ಹೀಗೇ ಹೊರಟಿದ್ದೆ. ದಾರೀಲಿ ತಟ್ಟೆ ಇಡ್ಲಿ, ಕಾಫಿ ಅಂತ ಕೂತು, ಬೆಟ್ಟದ ಬುಡ ಮುಟ್ಟಿದಾಗ ಹನ್ನೆರಡಾಗಿತ್ತು. ಒಳಕಲ್ಲು ತೀರ್ಥದಲ್ಲಿ (ಬಂಡೆಯೊಳಗಿನ ಕುಳಿ, ಕೈ ಹಾಕಿ ನೀರು ಸಿಕ್ಕರೆ ಪುಣ್ಯ ಅಂತಾರೆ) ಸಾಲು. ಕೈ ಹಾಕಿ ನೀರು ಸಿಕ್ತು ಅಂತ ಖುಷಿಪಟ್ಟು ಹೊರಗೆ ಬಂದ್ರೆ ಎರಡೂವರೆ, ಒಂದು ಕಡೆ ಆಕಾಶ ಕಪ್ಪಾಗಿದೆ. 'ಇಷ್ಟು ದೂರ ಬಂದಿದೀವಿ, ಮೇಲಿರೋ ಕಲ್ಲಿನ ಬಸವಣ್ಣನ್ನ ನೋಡ್ಕೊಂಡೇ ಹೋಗೋಣ' ಅಂದವನು ನಾನೇ.

ಕಡಿದಾದ ಮೆಟ್ಟಿಲ ಮಧ್ಯೆ ಹನಿ ಶುರು. ಬಂಡೆ ಮೇಲೆ ಕಪ್ಪು ಪಟ್ಟೆಗಳಿರ್ತಾವೆ ನೋಡಿ, ನೀರು ಹರಿದ ಜಾಡು. ಬೇಸಿಗೇಲಿ ಒಣಗಿ ಮಸಿ ಬಳಿದ ಹಾಗೆ ಇರ್ತಾವೆ, ಹತ್ತುವಾಗ ಅದರ ಮೇಲೇ ಕಾಲಿಟ್ಟು ಬಂದಿದ್ದೆ. ನಾಲ್ಕು ಹನಿ ಬಿದ್ದದ್ದೇ ಲೋಳೆ. ಹೊಸ ಶೂ ಕೂಡ ನಿಲ್ಲಲಿಲ್ಲ. ಹಿಡಿಯೋಕೆ ಇರೋದು ಕಬ್ಬಿಣದ ಕಂಬಿ ಒಂದೇ, ತಲೆ ಮೇಲೆ ಗುಡುಗು. ಹಿಡಿದ್ರೆ ಸಿಡಿಲಿನ ಭಯ, ಬಿಟ್ರೆ ಜಾರೋ ಭಯ. ಹೆಂಡತಿ ಕೂತ್ಕೊಂಡೇ ಒಂದೊಂದು ಮೆಟ್ಟಿಲು ಇಳಿದಳು. ಮನೆಗೆ ಬರೋವರೆಗೂ ನನ್ನ ಹತ್ರ ಮಾತಿಲ್ಲ.

ಈಗ ನನಗೆ ನಾನೇ ಹಾಕ್ಕೊಂಡಿರೋ ಗಡುವು: ಹನ್ನೊಂದಕ್ಕೆ ಎಲ್ಲಿದ್ರೂ ಇಳಿಯೋದು. ಬಸವಣ್ಣ ಎಲ್ಲೂ ಹೋಗಲ್ಲ.

ಊರಿನವನು:
ಅಣ್ಣ ಹೇಳಿದ್ದು ನಿಜ. ಗುಡುಗು ಕೇಳಿಸ್ತು ಅಂದ್ರೆ ಮೇಲೆ ಹೋಗ್ಬೇಡಿ, ಅಷ್ಟೇ. ಮಿಂಚಿದ ಮೇಲೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಹದಿನೈದಕ್ಕೆ ಗುಡುಗಿದ್ರೆ ಐದೇ ಕಿಲೋಮೀಟರ್ ಆಚೆ ಇದೆ, ಮುಂದಿನದು ನಿಮ್ಮ ತಲೆ ಮೇಲೇ ಬರಬಹುದು. ಒಂಟಿ ಮರದ ಕೆಳಗೆ ನಿಲ್ಲಬೇಡಿ. 'ದಾಮಿನಿ' ಆ್ಯಪ್ ಹಾಕ್ಕೊಳ್ಳಿ, ಪುಣೆಯ ಹವಾಮಾನ ಸಂಸ್ಥೆಯವರದು. ನಿಮ್ಮ ಸುತ್ತ 20, 40 ಕಿಲೋಮೀಟರ್ ಒಳಗೆ ಎಲ್ಲಿ ಸಿಡಿಲು ಬೀಳ್ತಿದೆ ಅಂತ ತೋರಿಸುತ್ತೆ. ಹಿಂದಿನ ರಾತ್ರಿ ಜೋರು ಮಳೆ ಆಗಿದ್ರೆ ಬೆಳಗ್ಗೆ ಬಿಸಿಲಿದ್ರೂ ಬಂಡೆ ಒದ್ದೆ ಇರುತ್ತೆ. ಅದನ್ನ ಯಾವ ಆ್ಯಪೂ ಹೇಳಲ್ಲ. ಬುಡದಲ್ಲಿ ಹೂವು-ಕಾಯಿ ಮಾರೋರನ್ನ ಕೇಳಿ, ನಿಜ ಹೇಳ್ತಾರೆ.

ತುಮಕೂರಿನಿಂದ:
ಇದು ಭರಣಿ ಮಳೆ ಹುಟ್ಟೋ ಹೊತ್ತು ಕಣಮ್ಮ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅಂತ ನಾವು ಕಾಯ್ತಿರೋದೇ ಅದಕ್ಕೆ, ನೀವು ಬೇಡ ಅಂತೀರಿ! ತಮಾಷೆಗೆ ಹೇಳಿದೆ. ನನಗೆ ಆ್ಯಪ್ ಗೊತ್ತಿಲ್ಲ. ಗಾಳಿ ಪೂರ್ತಿ ನಿಂತು, ಬೆಳಗ್ಗೆಯೇ ಬೆವರು ಇಳೀತಿದ್ರೆ ನಾನು ಸಂಜೆಗೆ ಒಣಹಾಕಿದ ಹಪ್ಪಳ ಎತ್ತಿಡ್ತೀನಿ. ಅಮ್ಮನ ಮಂಡಿ ಹೇಗಿದೆ? ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ಒಳಕಲ್ಲು ತೀರ್ಥದವರೆಗೆ ಸಾಕು ಅನ್ನಿಸುತ್ತೆ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ದಾಬಸ್‌ಪೇಟೆ ಹಾಕಿ ನೋಡಿದೆ, ಮಧ್ಯಾಹ್ನ 3ರವರೆಗೆ ಏನಿಲ್ಲ. ಐದಕ್ಕೇ ಮನೆ ಬಿಡ್ತೀವಿ, ಇಡ್ಲಿ ತಿನ್ನೋದು ಬೆಟ್ಟ ಇಳಿದ ಮೇಲೆ. ಅಮ್ಮ ತೀರ್ಥದ ಹತ್ರ ಕೂರ್ತಾರಂತೆ. ಶನಿವಾರ ರಾತ್ರಿ ಅಲ್ಲಿ ಮಳೆ ಬಂದ್ರೆ ಊರಿನವರು ಇಲ್ಲೇ ಒಂದು ಸಾಲು ಹಾಕ್ತೀರಾ?

ಊರಿನವನು:
ಹಾಕ್ತೀನಿ ಅಕ್ಕ. ಬಾಳೆಹಣ್ಣಿನ ಕವರ್ ಕೈಯಲ್ಲಿ ಹಿಡ್ಕೊಂಡು ಬರಬೇಡಿ, ಮಳೆಗಿಂತ ಮುಂಚೆ ಕೋತಿ ಬರ್ತಾವೆ.