ಆಷಾಢದ ಗಾಳಿಗೆ ಕಡಲ ದಂಡೆಯಲ್ಲಿ ಎರಡು ದಿನ: ಹಾಸನದ ಕಡೆಯಿಂದ ಹೋಗಿಬಂದವರು ಹೇಳಿ

ನಾವಿಬ್ಬರೂ ಹಾಸನದವರು. ಮದುವೆಯಾಗಿ ಒಂದೂವರೆ ವರ್ಷ. ಹೋದ ವರ್ಷ ಮೊದಲನೇ ಆಷಾಢ ಅಂತ ನಾನು ತವರಿನಲ್ಲಿದ್ದೆ, ಇವರು ಇಲ್ಲಿ. ಈ ಸಲ ಆಷಾಢದಲ್ಲೇ ಇಬ್ಬರೂ ಜೊತೆಗೆ ಎಲ್ಲಾದರೂ ಹೋಗಿಬರಬೇಕು ಅಂತ ಆಸೆ. ನನಗೆ ಮಳೆಗಾಲದ ಕಡಲು ನೋಡಬೇಕು, ಆ ಗಾಳಿಗೆ ಮೈಯೊಡ್ಡಿ ನಿಲ್ಲಬೇಕು. ಕಾರಿಲ್ಲ. ಕೈಯಲ್ಲಿರೋದು 6,000 ರೂಪಾಯಿ. ಎರಡು ದಿನ ರಜೆ, ಜೊತೆಗೊಂದು ಭಾನುವಾರ. ಇಷ್ಟರಲ್ಲಿ ಮಲ್ಪೆ, ಮುರುಡೇಶ್ವರ, ಗೋಕರ್ಣ ಮೂರೂ ನೋಡಿ ಬರಬಹುದಾ?

ಹಾಸನದಿಂದಲೇ, ಒಬ್ಬ ಗೃಹಿಣಿ:

ಮೂರೂ ಬೇಡ ಕಣಮ್ಮ. ಒಂದೇ ಊರು ಹಿಡಿದುಕೊಳ್ಳಿ. ನಾವು ಮೊದಲ ಸಲ ಜುಲೈನಲ್ಲಿ ಹೋದಾಗ ಎರಡು ದಿನಕ್ಕೆ ಐದು ಊರು ಅಂತ ಬರೆದುಕೊಂಡು ಹೊರಟಿದ್ದೆವು. ಒದ್ದೆ ಬಟ್ಟೆಯಲ್ಲಿ ಬಸ್‌ಸ್ಟ್ಯಾಂಡ್‌ಗಳಲ್ಲಿ ಕೂತಿದ್ದೇ ಹೆಚ್ಚು, ಕಡಲು ಕಂಡಿದ್ದು ಬಸ್ಸಿನ ಕಿಟಕಿಯಿಂದ. ಅದಕ್ಕೇ ಹೋದ ವರ್ಷ ಕುಂದಾಪುರದ ಹತ್ತಿರದ ಮರವಂತೆ ಒಂದಕ್ಕೇ ಹೋಗಿ ಎರಡು ರಾತ್ರಿ ಇದ್ದೆವು. ಈಗಲೂ ಕಣ್ಣು ಮುಚ್ಚಿದರೆ ಆ ಸದ್ದು ಕೇಳುತ್ತೆ.

ಹೋಗೋದು ಸುಲಭ. ಬೆಂಗಳೂರಿಂದ ಕಾರವಾರಕ್ಕೆ ಹೋಗೋ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹಾಸನಕ್ಕೆ ಬರುತ್ತೆ. ಊಟ ಮಾಡಿ ಹತ್ತಿ ಮಲಗಿದರೆ ಬೆಳಗಾಗೋ ಹೊತ್ತಿಗೆ ಕುಂದಾಪುರ. ಸ್ಲೀಪರ್‌ಗೆ ತಲೆಗೆ 300 ರೂಪಾಯಿಯೊಳಗೇ ಆಯಿತು. ಒಂದು ರಾತ್ರಿಯ ರೂಮ್ ಬಾಡಿಗೆಯೂ ಉಳಿದಂಗಾಯ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗ ಇವೆ, ಆದರೆ ರಾತ್ರಿ ಏನೂ ಕಾಣಲ್ಲ, ಸುರಂಗದೊಳಗೆ ನುಗ್ಗಿದಾಗ ಸದ್ದು ಬದಲಾಗೋದು ಮಾತ್ರ ಗೊತ್ತಾಗುತ್ತೆ. ಮಳೆಗಾಲದಲ್ಲಿ ಆ ಕಡೆ ರೈಲಿನ ವೇಳಾಪಟ್ಟಿಯೇ ಬೇರೆ, ಹೊರಡೋ ದಿನ ನೋಡಿಕೊಳ್ಳಿ. 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಮಣ್ಣು ಕುಸಿದು ರೈಲುಗಳೇ ನಿಂತಿದ್ದವು, ಶಿರಾಡಿ ರಸ್ತೆಯಲ್ಲೂ ದೋಣಿಗಲ್ ಹತ್ತಿರ ಕುಸಿದಿತ್ತು. ಹಾಸನದಲ್ಲಿ ಎರಡು ದಿನ ಬಿಡದೆ ಮಳೆ ಸುರಿದರೆ ಒಂದು ವಾರ ಮುಂದಕ್ಕೆ ಹಾಕಿ, ಹಟ ಮಾಡಬೇಡಿ.

ಕುಂದಾಪುರ ಸ್ಟೇಷನ್ ಇರೋದು ಮೂಡ್ಲಕಟ್ಟೆಯಲ್ಲಿ, ಪೇಟೆಯಿಂದ ದೂರ. ಅಷ್ಟೊತ್ತಿಗೆ ಬಸ್ ಇಲ್ಲ, ಆಟೋನೇ. ಹತ್ತೋಕೆ ಮುಂಚೆ ಬಾಡಿಗೆ ಮಾತಾಡಿಕೊಳ್ಳಿ. ಪೇಟೆಯಲ್ಲಿ ಬನ್ಸು, ಟೀ ಮುಗಿಸಿಕೊಂಡು ಬೈಂದೂರು ಕಡೆ ಹೋಗೋ ಯಾವ ಬಸ್ ಹತ್ತಿದರೂ ಮರವಂತೆ.

ಅಲ್ಲಿ ಹೆದ್ದಾರಿಯ ಒಂದು ಪಕ್ಕ ಸೌಪರ್ಣಿಕಾ ಹೊಳೆ, ಇನ್ನೊಂದು ಪಕ್ಕ ಕಡಲು. ಬಸ್ಸಿಳಿದು ಕೊಡೆ ಬಿಚ್ಚಿದೆ. ಬಿಚ್ಚಿದ್ದಷ್ಟೇ, ಪಡುಗಾಳಿ ಅದನ್ನು ಹೂವಿನ ಹಾಗೆ ಮೇಲಕ್ಕೆ ಅರಳಿಸಿ ಎರಡು ಕಡ್ಡಿ ಮುರಿದುಹಾಕಿತು. ಅಲೆ ಬಂದು ಕಲ್ಲಿನ ತಡೆಗೋಡೆಗೆ ಬಡಿದಾಗ ನೊರೆ ಮೇಲೆದ್ದು ನಮ್ಮ ಮುಖಕ್ಕೇ ಹೊಡೆಯೋದು. ನಮ್ಮನೆಯವರು ಕನ್ನಡಕ ಒರೆಸಿ ಒರೆಸಿ ಸಾಕಾಗಿ ಕೊನೆಗೆ ತೆಗೆದು ಜೇಬಿಗೆ ಹಾಕಿಕೊಂಡರು. ತುಟಿ ನೆಕ್ಕಿದರೆ ಉಪ್ಪು. ಹಿಂದೆ ತಿರುಗಿದರೆ ಹೊಳೆ ಕೆಂಪಗೆ, ತುಂಬಿಕೊಂಡು, ತಣ್ಣಗೆ ಹರೀತಿದೆ. ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ, ಕೈ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆವು. ನೀವು ಕೇಳಿದ ಗಾಳಿ ಅದೇ.

ಆಷಾಢದಲ್ಲಿ ಮುಹೂರ್ತ ಇಲ್ಲ, ಮದುವೆ ದಿಬ್ಬಣಗಳ ಗಲಾಟೆಯೂ ಇಲ್ಲ. ರೂಮ್ ಸುಲಭವಾಗಿ ಸಿಗುತ್ತೆ, ಬಾಡಿಗೆಯನ್ನೂ ಸ್ವಲ್ಪ ಇಳಿಸ್ತಾರೆ. ನಮಗೆ ದಿನಕ್ಕೆ 1,200 ಆಯಿತು. ದುಡ್ಡು ಉಳಿಸೋದಿದ್ದರೆ ಸುತ್ತಾಟದಲ್ಲಿ ಉಳಿಸಿ, ರೂಮಲ್ಲಿ ಬೇಡ. ನೂರು ಇನ್ನೂರು ಹೆಚ್ಚಾದರೂ ಕಡಲಿನ ಕಡೆ ಕಿಟಕಿ ಇರೋದನ್ನೇ ತಗೊಳ್ಳಿ, ಅರ್ಧ ದಿನ ಮಳೆ ಹೊರಗೇ ಬಿಡಲ್ಲ. ಒಗೆದ ಬಟ್ಟೆ ಒಣಗೋದಿಲ್ಲ, ಜೀನ್ಸ್ ಹಾಕಲೇಬೇಡಿ. ರೈಲು, ರೂಮ್, ಊಟ, ಆಟೋ ಎಲ್ಲಾ ಸೇರಿ ನಮಗೆ 5,600 ಹತ್ತಿರ ಬಂತು.

ಮೂಡಿಗೆರೆಯಿಂದ ಒಬ್ಬರು:

ರೈಲು ಟಿಕೆಟ್ ಸಿಗದಿದ್ದರೆ ಬಸ್ಸಿದೆ ಮೇಡಂ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಲ್ಲಿ ಹೋದರೆ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ, ನಿಮ್ಮ ಯಜಮಾನರದ್ದು ಮಾತ್ರ. ರಾಜಹಂಸಕ್ಕೆ ಅದು ನಡೆಯಲ್ಲ. ಆಧಾರ್ ಜೊತೆಗಿರಲಿ. ಆದರೆ ಉಡುಪಿ, ಕುಂದಾಪುರದ ಕಡೆ ಓಡೋದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಇಬ್ಬರಿಗೂ ಟಿಕೆಟ್ ತಗೊಳ್ಳಲೇಬೇಕು. ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ನಾವು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿದು ಉಡುಪಿ ಹತ್ತಿರದ ಕಾಪುಗೆ ಹೋಗಿದ್ದೆವು. ಅಲ್ಲಿ ಬಂಡೆ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ, 27 ಮೀಟರ್ ಎತ್ತರ. ಮೇಲೆ ಬಿಡೋದು ಸಂಜೆ ಸ್ವಲ್ಪ ಹೊತ್ತು. ನಾವು ಹೋದದ್ದು ಫೆಬ್ರವರಿ, ಆಗಲೇ ತಲೆ ಮೇಲಿನ ಸೆರಗು ನಿಲ್ಲುತ್ತಿಲ್ಲ ಅಂತ ನನ್ನ ಹೆಂಡತಿ ಸೊಂಟಕ್ಕೆ ಕಟ್ಟಿಕೊಂಡಳು. ಸೇಂಟ್ ಮೇರೀಸ್ ದ್ವೀಪದ ಆಸೆ ಇದ್ದರೆ ಈಗ ಬಿಡಿ, ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಹೊರಡಲ್ಲ.

ತವರು ಕುಂದಾಪುರ, ಈಗ ಸಕಲೇಶಪುರದಲ್ಲಿರುವ ಒಬ್ಬರು:

ಮರವಂತೆಗೆ ಹೋಗಿ, ಖಂಡಿತ ಹೋಗಿ. ಒಂದೇ ಮಾತು ಮಾರಾಯ್ರೆ, ನೀರಿಗೆ ಕಾಲಿಡಬೇಡಿ. ಈ ತಿಂಗಳಲ್ಲಿ ನಮ್ಮ ಅಜ್ಜಿ ಮಕ್ಕಳಿಗೆ ದಿನಕ್ಕೆ ಹತ್ತು ಸಲ ಹೇಳ್ತಿದ್ರು, "ಕಡ್ಲಿಗ್ ಇಳುಕಾಗ," ಕಡಲಿಗೆ ಇಳಿಯಬಾರದು ಅಂತ. ಮೊಣಕಾಲುದ್ದದ ನೀರೇ ಕಾಲಡಿಯ ಹೊಯ್ಗೆ, ಅಂದರೆ ಮರಳು, ಎಳೆದುಕೊಂಡು ಹೋಗ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಸೆಲ್ಫಿಗೆ ಅಂತ ಹತ್ತಬೇಡಿ. ರಸ್ತೆ ಬದಿಯಿಂದಲೇ ನೋಡಿ. ಗಾಳಿ ಬೇಕಾದರೆ ಬೈಂದೂರಿನ ಒತ್ತಿನೆಣೆಗೆ ಹೋಗಿ, ಗುಡ್ಡದ ಮೇಲೆ ನಿಂತರೆ ಕಡಲು ಪೂರಾ ಕೆಳಗೆ.

ಮೀನಿನ ವಿಷಯವನ್ನು ಯಾರೂ ಹೇಳಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯವರಿಗೆ ಸಿಕ್ಕಿದ್ದು ಅಷ್ಟಿಷ್ಟು ಬರ್ತದೆ, ರೇಟು ಜಾಸ್ತಿ. ಅಂಜಲ್, ಕಾಣೆ ಕೇಳಬೇಡಿ, ಕೇಳಿದರೂ ಐಸಿನಲ್ಲಿ ಇಟ್ಟದ್ದೇ ಇರಬಹುದು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ. ಸಣ್ಣ ಹೋಟೆಲಿನಲ್ಲಿ ಕೇಳಿದರೆ ಮಾಡಿಕೊಡ್ತಾರೆ, ಖರ್ಚೂ ಕಡಿಮೆ. ಒಂದು ಹೊತ್ತು ಕೋಳಿ ಸುಕ್ಕ, ನೀರುದೋಸೆ ತಿನ್ನಿ.

ಇನ್ನೊಂದು. ನಿಮ್ಮ ಭೀಮನ ಅಮಾವಾಸ್ಯೆ ನಮಗೆ ಆಸಾಡಿ ಅಮಾಸಿ. ಅವತ್ತು ಮರವಂತೆಯಲ್ಲಿ ಹೊಳೆಗೂ ಕಡಲಿಗೂ ನಡುವೆ ಇರುವ ವರಾಹ ಮಹಾರಾಜಸ್ವಾಮಿ ದೇವಸ್ಥಾನದಲ್ಲಿ ಜಾತ್ರೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ಕೈ ಮುಗಿದು ಹೋಗ್ತಾರೆ. ನಾವೂ ಮದುವೆಯಾದ ವರ್ಷ ಹೋಗಿದ್ದೆವು. ನಿಮ್ಮ ಮೊದಲ ಆಷಾಢ ಕಳೆದಿದ್ದರೂ ಪರವಾಗಿಲ್ಲ, ಬನ್ನಿ. ಆದರೆ ಅವತ್ತು ರೂಮೂ ಕಷ್ಟ, ಬಸ್ಸೂ ಕಷ್ಟ.

ಕೇಳಿದವರು, ನಾಲ್ಕು ದಿನದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಾತ್ರೆ ಓದಿ ಆಸೆಯಾಯಿತು, ಆದರೆ ಅಮಾವಾಸ್ಯೆ ದಿನ ನಮ್ಮನೆಯಲ್ಲಿ ಪೂಜೆ, ಬಿಡೋ ಹಾಗಿಲ್ಲ. ಅದಾದ ಮೇಲೆ ಶ್ರಾವಣ, ಅತ್ತೆ ಮನೆಯಲ್ಲಿ ಮೀನು ಮುಟ್ಟಲ್ಲ. ಅದಕ್ಕೇ ಅಮಾವಾಸ್ಯೆಗಿಂತ ಮುಂಚಿನ ವಾರ, ಗುರುವಾರ ರಾತ್ರಿ ಹೋಗಿ ಭಾನುವಾರ ರಾತ್ರಿ ವಾಪಸ್. ಟಿಕೆಟ್ ಆಯಿತು. ಮರವಂತೆ ಒಂದೇ. ಒಂದು ಸಂಜೆ ಮಳೆ ಬಿಟ್ಟರೆ ಒತ್ತಿನೆಣೆ. ಕೊಡೆ ತಗೊಂಡು ಹೋಗ್ತಿಲ್ಲ, ನಿನ್ನೆ ಪೇಟೆಗೆ ಹೋಗಿ ಎರಡು ರೇನ್‌ಕೋಟ್ ತಂದೆವು.