ಖಾತೆಯಲ್ಲಿರುವ ದುಡ್ಡು, ಕೈಯಲ್ಲಿರುವ ನೋಟು, ಡಿಜಿಟಲ್ ರೂಪಾಯಿ: ಎಲ್ಲಾ ಒಂದೇನಾ?

ಕಿರಾಣಿ_ತುಮಕೂರು:
ನಮ್ಮದು ಸಣ್ಣ ಕಿರಾಣಿ ಅಂಗಡಿ. ಈಗ ಮುಕ್ಕಾಲು ಪಾಲು ವ್ಯಾಪಾರ ಕ್ಯೂಆರ್ ಕೋಡ್‌ನಲ್ಲೇ ಆಗುತ್ತೆ, ಗಲ್ಲಾಪೆಟ್ಟಿಗೆಗೆ ಬೀಳುವ ನೋಟು ಕಡಿಮೆ. ಮೊನ್ನೆ ಬ್ಯಾಂಕಿಗೆ ಹೋದಾಗ ಡಿಜಿಟಲ್ ರೂಪಾಯಿ ಆ್ಯಪ್ ಹಾಕಿಕೊಳ್ಳಿ ಅಂದರು. ಯುಪಿಐ ಇದೆಯಲ್ಲ, ಮತ್ತೆ ಇದ್ಯಾಕೆ? ಎಲ್ಲಾ ಒಂದೇ ದುಡ್ಡು ಅಲ್ವಾ?

ಲೆಕ್ಕದ_ಮೇಷ್ಟ್ರು:
ಬೆಲೆ ಒಂದೇ ಸರ್, ಆದರೆ ನಿಮಗೆ ಬಾಕಿ ಇರುವವರು ಬೇರೆ ಬೇರೆ. ಗಲ್ಲಾದಿಂದ ಒಂದು ನೂರರ ನೋಟು ತೆಗೆದು ನೋಡಿ. ಇಷ್ಟು ರೂಪಾಯಿ ಕೊಡುತ್ತೇನೆ ಅಂತ ಮಾತು ಕೊಟ್ಟು ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಹಾಕಿರುತ್ತಾರೆ. ಖಾತೆಯಲ್ಲಿ ಕಾಣುವ ಮೊತ್ತ ಹಾಗಲ್ಲ, ಅದು ನಿಮ್ಮ ಬ್ಯಾಂಕು ನಿಮಗೆ ಕೊಡಬೇಕಾದ ಸಾಲ. ಆ ಬ್ಯಾಂಕು ಮುಳುಗಿದರೆ ಒಬ್ಬರಿಗೆ ಅಸಲು ಬಡ್ಡಿ ಎಲ್ಲಾ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ ಸಿಗುತ್ತೆ, 2020ಕ್ಕೆ ಮೊದಲು ಅದೂ 1 ಲಕ್ಷವೇ ಇತ್ತು. ಹಾಗಾಗಿ ನಿವೃತ್ತಿಯ ದುಡ್ಡನ್ನೆಲ್ಲ ಒಂದೇ ಕಡೆ ಇಡಬೇಡಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಯುಪಿಐ ದುಡ್ಡೇ ಅಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುವ ದಾರಿ, ಅಷ್ಟೇ. ಡಿಜಿಟಲ್ ರೂಪಾಯಿ ಮಾತ್ರ ನೋಟಿನ ಹಾಗೇ ರಿಸರ್ವ್ ಬ್ಯಾಂಕಿನದ್ದೇ ಹೊಣೆ. ಜನರ ಬಳಕೆಗೆ ಪ್ರಯೋಗ ಶುರುವಾಗಿದ್ದು 2022ರ ಡಿಸೆಂಬರ್ 1ಕ್ಕೆ, ಮೊದಲ ನಾಲ್ಕು ಊರುಗಳಲ್ಲಿ ನಮ್ಮ ಬೆಂಗಳೂರೂ ಇತ್ತು. ಜೇಬಿನಲ್ಲಿರುವ ನೋಟಿಗೆ ಹೇಗೆ ಬಡ್ಡಿ ಇಲ್ಲವೋ ಇದಕ್ಕೂ ಇಲ್ಲ.

ಚಿಲ್ಲರೆ_ಅಕ್ಕ:
ಮೇಷ್ಟ್ರೇ, 1 ರೂಪಾಯಿ ನೋಟು ಬಿಟ್ಟಿರಿ! ಅದರ ಮೇಲೆ ಗವರ್ನರ್ ಸಹಿ ಇರಲ್ಲ, ಹಣಕಾಸು ಕಾರ್ಯದರ್ಶಿ ಸಹಿ ಇರುತ್ತೆ, ಕೊಡುತ್ತೇನೆ ಅನ್ನುವ ಮಾತೂ ಇಲ್ಲ. ನಾಣ್ಯದ ಹಾಗೆ ಅದು ಸರ್ಕಾರದ್ದು.

ಇನ್ನು ಅಂಗಡಿಯವರಿಗೆ ಒಂದು ಮಾತು. ದಯವಿಟ್ಟು 10 ರೂಪಾಯಿ ನಾಣ್ಯ ಬೇಡ ಅನ್ನಬೇಡಿ. ₹ ಗುರುತು ಇಲ್ಲ, ಗೆರೆ ಜಾಸ್ತಿ ಇದೆ, ಕಮ್ಮಿ ಇದೆ ಅಂತ ಸುಮ್ನೆ ವಾಪಸ್ ಕೊಡುತ್ತಾರೆ. ಆ ಗುರುತು ನಾಣ್ಯದ ಮೇಲೆ ಬಂದಿದ್ದೇ 2011ರಲ್ಲಿ, ಅದಕ್ಕೆ ಮುಂಚಿನದರಲ್ಲಿ ಎಲ್ಲಿಂದ ಬರಬೇಕು? 14 ವಿನ್ಯಾಸಗಳಿವೆ, ಎಲ್ಲವೂ ನಡೆಯುತ್ತೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಬಸ್ಸಿಗೆ ಅಂತ ಅದನ್ನೇ ಕೂಡಿಟ್ಟುಕೊಂಡ ವಯಸ್ಸಾದವರು ಕಂಡಕ್ಟರ್ ಮುಂದೆ ಪರದಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ಕಿರಾಣಿ_ತುಮಕೂರು:
ನಾಣ್ಯ ನಾನು ತಗೋತೀನಿ ಅಕ್ಕ, ಹಾಲಿನವರು ತಗೋಳಲ್ಲ, ಅದೇ ಕಷ್ಟ. ಮೇಷ್ಟ್ರೇ, ಗಿರಾಕಿ ಡಿಜಿಟಲ್ ರೂಪಾಯಿ ಕೊಟ್ಟರೆ ಬೇರೆ ಕೋಡ್ ಅಂಟಿಸಬೇಕಾ?

ಲೆಕ್ಕದ_ಮೇಷ್ಟ್ರು:
ಬೇಡ. ಈಗಿರುವ ಯುಪಿಐ ಕೋಡ್ ಸಾಕು. ನಿಮ್ಮ ಹತ್ತಿರ ಆ ಆ್ಯಪ್ ಇಲ್ಲದಿದ್ದರೆ ದುಡ್ಡು ನೇರ ಖಾತೆಗೇ ಬರುತ್ತೆ.